ಗೂಟಕ್ಕೆ ಕಾಲು ಬಂದ ಹೊಲ

ಗಣಿಯ ದೀಪದ ಕೋಣೆಯಲ್ಲಿ ಕೆಲಸ ಮಾಡುವವಳಿಗೆ ಅನುಮಾನ ರಕ್ತದಲ್ಲೇ ಸೇರಿಬಿಡುತ್ತದೆ. ಗಣಿಗೆ ಇಳಿಯುವವನಿಗೆ ದೀಪ ಕೊಟ್ಟು ಅವನ ಸಂಖ್ಯೆಯ ಹಿತ್ತಾಳೆ ಬಿಲ್ಲೆ ಇಸಿದುಕೊಳ್ಳುತ್ತೇನೆ. ಅವನು ಮೇಲೆ ಬಂದು ದೀಪ ಒಪ್ಪಿಸುವವರೆಗೆ, ಬಂದ ಎಂದು ಯಾರು ಹೇಳಿದರೂ ನಂಬುವುದಿಲ್ಲ. ಮನೆಯಲ್ಲೂ ಅದೇ ಚಾಳಿ. ದೊಡ್ಡಪ್ಪನ ಮಗಳು ಮ್ಮಾ-ಕಾಬೊ ಬೇಲಿಯಾಚೆಗೇ ಇದ್ದರೂ ಅವಳೊಂದಿಗೆ ಮಾತು ಬಿಟ್ಟು ಎಷ್ಟೋ ಕಾಲವಾಯಿತು. ಹರೆಯದಲ್ಲಿ, ಒಂದು ಬರಗಾಲದ ವರ್ಷ, ನನ್ನ ಹಸಿರು ನೈಲಾನ್ ತಲೆವಸ್ತ್ರ ಕಾಣೆಯಾಗಿತ್ತು; ಕದ್ದವಳು ಅವಳೇ ಎಂದು ಊರೆಲ್ಲ ಸಾರಿದ್ದೆ. ಈಗಲೂ ಅವಳು ಹಸಿರು ತೊಟ್ಟರೆ ಅಂಚು ನೋಡುತ್ತೇನೆ.

ಸರ್ಕಾರದ ಗಣಿಯವರು ಹೊಸ ಇಳಿಜಾರು ಸುರಂಗದ ಬಾಯಿ ನಮ್ಮ ಹೊಲದಲ್ಲೇ ಬರುತ್ತದೆಂದು ಗೂಟ ನೆಟ್ಟಾಗ ನನ್ನ ಮಗಳು ಒರಾಟೆಂಗ್ ಶಾಲೆಗೆ ಹೋಗುತ್ತಿದ್ದಳು. ಅಂದಿನಿಂದ ಉಳುವ ಹಾಗಿಲ್ಲ, ಕಟ್ಟುವ ಹಾಗಿಲ್ಲ, ಸುರಂಗವೂ ಇಲ್ಲ. ಈಗ ಅವಳು ಮೆಚ್ಚಿರುವ ಲೆಬಾಂಗ್‌ಗೆ ಕೆಲಸ ಆ ಸುರಂಗದಲ್ಲೇ ಎಂದು ಗಣಿ ಮಾತು ಕೊಟ್ಟಿದೆ. ಕೆಲಸ ಸಿಗಲಿ, ಆಮೇಲೆ ಹೆಣ್ಣಿಗೆ ಕೊಡುವ ತೆರದ ದನ ಎನ್ನುತ್ತಾರೆ ಅವನ ಹಿರಿಯರು. ಸುರಂಗ ಬಾರದೆ ದನ ಬಾರದು, ದನ ಬಾರದೆ ಮದುವೆಯಿಲ್ಲ. ಹೊಲ ಹೋದರೆ ಹೋಗಲಿ, ಮಗಳ ಬದುಕು ನೆಲೆಗೊಳ್ಳಲಿ ಎಂದು ನಾನು ಎಂದೋ ತೀರ್ಮಾನಿಸಿದ್ದೆ.

ಆದರೆ ಸರ್ವೆಯವರು ಬಂದಾಗಲೆಲ್ಲ ಗೂಟಗಳು ನಕ್ಷೆಗೆ ಹೊಂದುತ್ತಿರಲಿಲ್ಲ. ಹೋದ ಗುರುವಾರ ಗಣಿ ಕಚೇರಿಯ ಮೊದಿಸಾನೆ ದೀಪದ ಕೋಣೆಯ ಕಿಟಕಿಗೇ ಬಂದು ನಮಸ್ಕರಿಸಿದ.

"ಡುಮೆಲಾ ಮ್ಮಾ. ನಿಮ್ಮ ಹೊಲದ ಗೂಟಗಳಿಗೆ ಕಾಲು ಬಂದಿದಾವಾ?"

"ದನ ಮೈ ಉಜ್ಜಿರಬೇಕು ರಾ," ಎಂದೆ; ಗಂಡಸರಿಗೆ ನಮ್ಮಲ್ಲಿ ರಾ, ಹೆಂಗಸರಿಗೆ ಮ್ಮಾ.

"ದನ ಉಜ್ಜಿದ್ರೆ ಗೂಟ ಬೀಳುತ್ತೆ. ಇವು ಎದ್ದು ಹೋಗಿ ಬೇರೆ ಕಡೆ ನೆಟ್ಟಗೆ ನಿಂತಿದಾವೆ." ಧ್ವನಿ ತಗ್ಗಿಸಿದ. "ಸೋಮವಾರ ಮತ್ತೆ ಬರ್ತೀವಿ. ತಪ್ಪು ತಿಳೀಬೇಡಿ, ಕಚೇರಿಯಲ್ಲಿ ನಿಮ್ಮ ಮನೆತನದ ಹೆಸರೇ ಓಡಾಡ್ತಿದೆ."

ನನ್ನ ಮನಸ್ಸು ನೇರವಾಗಿ ಮ್ಮಾ-ಕಾಬೊ ಮೇಲೆ ಹೋಯಿತು. ವಸ್ತ್ರ ಕದ್ದವಳು ಗೂಟ ಕೀಳದಿರುತ್ತಾಳೆಯೇ? ಆದರೆ ಶನಿವಾರ ನಾನು ಮಾಲೋಮೆ ಎಂದು ಕರೆಯುವ ಸೋದರಮಾವ ಕೆಲೆಬೊನ್ಯೆ ಚಹಾಕ್ಕೆ ಬಂದಾಗ ಅವನ ಪ್ಯಾಂಟಿನ ಅಂಚಿಗೆ ಕೆಮ್ಮಣ್ಣು ಮೆತ್ತಿಕೊಂಡಿತ್ತು. ನಮ್ಮೂರಿನದು ಬಿಳಿ ಮರಳು. ಕೆಮ್ಮಣ್ಣು ಇರುವುದು ಹೊಲದಲ್ಲಿ.

ಚಹಾ ಕುಡಿದು ಎದ್ದವನನ್ನು ದೂರದಿಂದ ಹಿಂಬಾಲಿಸಿದೆ. ಮುಳ್ಳುಗಂಟಿಯ ಮರೆಯಿಂದ ನೋಡಿದರೆ, ಮುದುಕ ಒಂದು ಗೂಟ ಕಿತ್ತು, ನಾಲ್ಕು ಮಾರು ಆಚೆ ನೆಟ್ಟು, ಬೂಟುಗಾಲಲ್ಲಿ ಮಣ್ಣು ತುಳಿಯುತ್ತಿದ್ದ.

"ಯಾರ ಕಡೆ ಸೇರ್ಕೊಂಡ್ರಿ, ಮಾಲೋಮೆ? ಮದುವೆ ಮಾತಿಗೆ ಮುಂದೆ ಕೂರೋರೂ ನೀವೇ, ಹಿಂದಿಂದ ಗೂಟ ಕೀಳೋರೂ ನೀವೇನಾ?"

ಅವನು ಬೆಚ್ಚಲಿಲ್ಲ. ಹೊಲದಲ್ಲಿದ್ದು ಬಿದ್ದುಹೋದ ಗುಡಿಸಲಿನ ನೆಲದತ್ತ ನೋಡಿದ.

"ಗಂಡಸು ಆಡೋ ಮಾತಲ್ಲ ಇದು, ಮಗಳೇ."

"ಗಂಡಸು ಮಾಡೋ ಕೆಲಸಾನಾ ಅದು?"

"ನಿನ್ನ ಮೊದಲ್ನೇದು... ಉಸಿರಾಡಲಿಲ್ವಲ್ಲ, ಅದು ಇಲ್ಲೇ ಇದೆ."

ಉಸಿರಾಡದ ಮಗುವನ್ನು ನಮ್ಮಲ್ಲಿ ಹೆಂಗಸರೇ ಗುಡಿಸಲಿನ ನೆಲದಲ್ಲಿ ಮಣ್ಣು ಮಾಡುತ್ತಾರೆ. ಉಳಿದ ಗೋರಿಗಳಿಗಿರುವಂತೆ ಮೇಲೆ ನೆರಳು ಪರದೆಯಿಲ್ಲ, ಕಲ್ಲಿಲ್ಲ. ಗಂಡಸರು ಅದರ ಮಾತೆತ್ತಬಾರದು. ಹೆತ್ತವಳು ಎಲ್ಲಿ ಎಂದು ಕೇಳಬಾರದು. ನಾನೂ ಕೇಳಿರಲಿಲ್ಲ. ಬೇರೆಡೆಗೆ ಸಾಗಿಸಲೆಂದು ಗಣಿಯವರು ಗೋರಿಗಳನ್ನು ಗುರುತು ಮಾಡಿಕೊಂಡಾಗ ಪರದೆಯಿದ್ದವನ್ನಷ್ಟೇ ತೋರಿಸಿದ್ದೆವು.

"ಬರಗಾಲದ ವರ್ಷ, ನೆಲ ಕಲ್ಲಾಗಿತ್ತು," ಎಂದ. "ನಿನ್ನಮ್ಮನ ಕೈಲಿ ಅಗೆಯೋಕಾಗ್ಲಿಲ್ಲ. ಕದ್ದು ನನ್ನ ಕರೆದ್ಳು. ಅಗೆದೆ, ಬೆನ್ನು ಹಾಕಿ ನಿಂತೆ. ಹಸಿರು ಬಟ್ಟೇಲಿ ಸುತ್ತಿದ್ಳು, ಅಷ್ಟೇ ಕಂಡದ್ದು. ಹೇಳೋ ಹಾಗಿರ್ಲಿಲ್ಲ, ಸುರಂಗ ಅದರ ಮೇಲೆ ಬರದಿರ್ಲಿ ಅಂತ ಗೂಟ ಕಿತ್ತೆ."

ಅಲ್ಲೇ ನೆಲದ ಮೇಲೆ ಕುಳಿತೆ. ಆದರೂ, ದೀಪದ ಕೋಣೆಯವಳಲ್ಲವೇ, ಒಳಗೊಂದು ಹುಳು ಕೊರೆಯುತ್ತಲೇ ಇತ್ತು. ಈ ಹೊಲದಲ್ಲಿ ಮೇಯುವುದು ಇವನದೇ ಮೇಕೆಗಳು. ಸುರಂಗ ಬಂದರೆ ಮೇವಿಲ್ಲ. ನನ್ನ ಹಸಿರು ವಸ್ತ್ರದ ಕತೆಯಂತೂ ಊರಿಗೆಲ್ಲ ಗೊತ್ತು. ಸಿಕ್ಕಿಬಿದ್ದವನು ಅದನ್ನೇ ಹೊಸೆದಿದ್ದರೆ? ಅಗೆಯದೆ ತಿಳಿಯದು. ನಿಜವಾಗಿದ್ದರೆ, ಸುರಂಗ ಬರುವ ಮೊದಲು ಮಗುವನ್ನು ಮನೆಯಂಗಳಕ್ಕೆ ತರಬೇಕು.

ಆದರೆ ಹೆತ್ತವಳು ಅಗೆಯುವಂತಿಲ್ಲ. ನನ್ನ ಅಪ್ಪನ ಮನೆಯ ಹಿರಿಯ ಹೆಣ್ಣು ಅಗೆಯಬೇಕು. ಉಳಿದವಳು ಒಬ್ಬಳೇ.

ಒರಾಟೆಂಗ್‌ಗೆ ಎಲ್ಲ ಹೇಳಿದಾಗ, "ಅಣ್ಣನಾ, ಅಕ್ಕನಾ?" ಎಂದಳು.

"ಗೊತ್ತಿಲ್ಲ. ಕೇಳೋ ಹಾಗಿರ್ಲಿಲ್ಲ."

ಅವಳು ತಾನೇ ಬೇಲಿ ದಾಟಿ ಮ್ಮಾ-ಕಾಬೊ ಮನೆಗೆ ಹೋದಳು. ಭಾನುವಾರ ಬೆಳಗ್ಗೆ ಜೋಳದ ಅಂಬಲಿ ಇನ್ನೂ ಒಲೆಯ ಮೇಲಿತ್ತು, ಮ್ಮಾ-ಕಾಬೊ ಹೆಗಲ ಮೇಲೆ ಗುದ್ದಲಿ ಹೊತ್ತು ಅಂಗಳದಲ್ಲಿ ನಿಂತಿದ್ದಳು.

"ಕಳ್ಳಿ ಬಂದಿದೀನಿ. ಚೊಂಬು ಪಾತ್ರೆ ಒಳಗಿಟ್ಕೋ."

ಹೊಲದಲ್ಲಿ ಅವಳು ಅಗೆದಳು, ಒರಾಟೆಂಗ್ ಮಣ್ಣು ಎಳೆದಳು, ನಾನು ಬೆನ್ನು ಹಾಕಿ ನಿಂತೆ. ಬಹಳ ಹೊತ್ತು ಬರೀ ಮಣ್ಣಿನ ಸದ್ದು. ಮಾವ ಸುಳ್ಳುಗಾರ ಎಂದು ಮನಸ್ಸಿನಲ್ಲಿ ಬೈಯತೊಡಗಿದೆ. ಆಗ ಗುದ್ದಲಿ ನಿಂತಿತು.

"ತಿರುಗು," ಎಂದಳು ಮ್ಮಾ-ಕಾಬೊ. ಮಣ್ಣು ಹಿಡಿದ ಅವಳ ಅಂಗೈಯಲ್ಲಿ ಹಸಿರು ಚಿಂದಿ, ಅದಕ್ಕೆ ನಾನೇ ಹೊಲಿದ ಬಿಳಿ ಅಂಚು. "ನೋಡ್ಕೋ, ನಾನು ಕದ್ದಿದ್ದು."

ನಾನು ಅತ್ತೆ. ಅವಳು ಬೈಯುತ್ತಲೇ ನನ್ನನ್ನು ಹಿಡಿದುಕೊಂಡಳು. ಸಂಜೆಯೊಳಗೆ ಮಗು ನಮ್ಮ ಅಂಗಳದ ನೆಲ ಸೇರಿತು, ಗೂಟಗಳು ಹಳೆಯ ಗುಳಿ ಸೇರಿದವು.

ಸೋಮವಾರ ಸರ್ವೆಯವರು ಅಳೆದರು, ಮತ್ತೆ ಅಳೆದರು. ಗೂಟ ತಪ್ಪಿದ್ದಾಗ ನೋಡಿದ್ದಕ್ಕಿಂತ ಹೆಚ್ಚು ಅನುಮಾನದಿಂದ ಮೊದಿಸಾನೆ ನನ್ನ ಮುಖ ನೋಡಿದ.

"ಎಲ್ಲಾ ಸರಿಯಾಗಿದೆಯಲ್ಲ ಮ್ಮಾ!"

"ಹಾಗಾದ್ರೆ ಕೆಲಸ ಯಾವಾಗ ಶುರು, ರಾ?"

ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. "ಅದು... ನಕ್ಷೇನೇ ಬದಲಾಗುತ್ತೆ ಅಂತ ಸುದ್ದಿ. ಮೇಲಿನವರು ಇನ್ನೂ ಸಹಿ ಹಾಕಿಲ್ಲ. ನಿಜ ಹೇಳ್ಬೇಕಂದ್ರೆ, ಯಾವತ್ತೂ ಹಾಕಿರ್ಲಿಲ್ಲ."

ನಾನು ನಿಧಾನವಾಗಿ, ಪಕ್ಕದಲ್ಲೇ ನಿಂತಿದ್ದ ಸೋದರಮಾವನ ಕಡೆ ತಿರುಗಿದೆ. ಅವನು ಎರಡೂ ಕೈ ಮೇಲೆತ್ತಿದ.

"ಈ ಸಲ ನಾನಲ್ಲ ಮಗಳೇ, ನಿನ್ನಮ್ಮನಾಣೆ."

"ಹಾಗಾದ್ರೆ ಲೆಬಾಂಗ್‌ನ ಹಿರಿಯರ ಹತ್ರ ಹೋಗಿ. ಸುರಂಗಕ್ಕೆ ಕಾಯ್ತಾ ಕೂತ್ರೆ ಇವರ ಮದುವೆಗೆ ಇವರ ಮೊಮ್ಮಕ್ಕಳು ಬರ್ತಾರೆ ಅಂತ ಹೇಳಿ. ದನ ಆಮೇಲೆ ಬರಲಿ."

"ಒಪ್ಪದಿದ್ರೆ?"

"ಒಪ್ಪಿಸ್ಕೊಂಡು ಬನ್ನಿ. ಗೂಟ ನಡೆಸಿದೋರು ನೀವು."

ಅವನು ಹೊರಟ. ಹೋಗುವಾಗ ಮೇಕೆಗಳನ್ನು ಹೊಲಕ್ಕೆ ಹೊಡೆದುಕೊಂಡು ಹೋದದ್ದನ್ನು ನಾನು ಗಮನಿಸದೆ ಇರಲಿಲ್ಲ.