ಮರ್ರಬೂಲಿನ ಕೆಂಪು ಬಾವುಟ

ಎನಿಡ್ ಬೆಳಗಿನಿಂದ ಒಂದು ಕಡೆ ಕೂತಿರಲಿಲ್ಲ. ಮರ್ರಬೂಲಿನ ಹಳೆಯ ಪ್ಲಾಟ್‌ಫಾರ್ಮಿನ ಆ ತುದಿಗೆ ಹೋಗುವುದು, ಹಳಿ ನೋಡುವುದು, ಮತ್ತೆ ಈ ತುದಿಗೆ ಬರುವುದು. ಮುಖದ ನೊಣ ಓಡಿಸಲೂ ಪುರುಸೊತ್ತಿಲ್ಲ. ಗೋಧಿ ತುಂಬಿದ ಗೂಡ್ಸು ಗಾಡಿಗಳು ಈಗಲೂ ಇಲ್ಲಿ ಹಾದುಹೋಗುತ್ತವೆ. ಜನರ ರೈಲು ನಿಂತು ನಲವತ್ತು ವರ್ಷವಾಯಿತು. ಇವತ್ತು ಹಳೆಯ ಉಗಿಬಂಡಿಯೊಂದು ಪ್ರವಾಸಿಗರನ್ನು ಹೊತ್ತು ಬರಲಿದೆ. ಇಲ್ಲಿ ನಿಲ್ಲುವುದಿಲ್ಲವಂತೆ. ಅದರೊಳಗೆ ಅವಳ ತಮ್ಮ ರೆಕ್ಸ್ ಇದ್ದಾನೆ.

"ಕಿಟಕಿಯಿಂದ ಕೈ ಬೀಸ್ತೀನಿ ಕಣೇ ಅಕ್ಕ," ಎಂದಿದ್ದ ಫೋನಿನಲ್ಲಿ. ಕೈ ಬೀಸುತ್ತಾನಂತೆ, ದೊಡ್ಡ ದೊರೆ!

ಈ ನಿಲ್ದಾಣವನ್ನು ನೋಡಿಕೊಂಡವಳು ಅವರ ಅಮ್ಮ. ಟಿಕೆಟ್ ಕೊಟ್ಟಳು, ಹಾಲಿನ ಕ್ಯಾನು ಹತ್ತಿಸಿದಳು, ಯುದ್ಧಕ್ಕೆ ಹೊರಟ ಹುಡುಗರಿಗೆ ಚಹಾ ಕುಡಿಸಿದಳು. ಮುಚ್ಚುವ ಆದೇಶ ಬಂದಾಗ ಪಕ್ಕದ ಹಳಿ ಕೀಳಲು ಬಂದ ಕೆಲಸಗಾರರಲ್ಲಿ ರೆಕ್ಸ್ ಕೂಡ ಇದ್ದ. "ಬೇರೆ ಯಾರೂ ಸಿಗ್ಲಿಲ್ವೇನೋ ಅವ್ರಿಗೆ?" ಎಂದಳು ಅಮ್ಮ. ಅಂದು ಹೋದವನು ಅವಳ ಮಣ್ಣಿಗೂ ಬರಲಿಲ್ಲ. ಆ ಸಿಟ್ಟು ಎನಿಡ್‌ಗೆ ಇನ್ನೂ ಆರಿಲ್ಲ. ಅವನನ್ನು ನೋಡಬೇಕೆಂದು ಜೀವವೂ ಒದ್ದಾಡುತ್ತದೆ.

ಆಗಲೂ ಇಲ್ಲಿ ರೈಲು ತಾನಾಗಿ ನಿಲ್ಲುತ್ತಿರಲಿಲ್ಲ. ಹತ್ತುವವರು ಕಂಬಕ್ಕೆ ಕೆಂಪು ಬಾವುಟ ಸಿಕ್ಕಿಸಬೇಕು. ರೈಲು ನಿಂತ ಮೇಲೆ ತಾವೇ ಅದನ್ನು ತೆಗೆದಿಟ್ಟು ಹತ್ತಬೇಕು. ಮರೆತವರಿಗೆ ಅಮ್ಮ ಬೆವರಿಳಿಸುತ್ತಿದ್ದಳು.

ಎನಿಡ್ ಇವತ್ತು ಆ ಬಾವುಟ ಸಿಕ್ಕಿಸಿದ್ದಳು.

ಹೊಗೆ ಕಾಣಿಸಿತು. ಚಾಲಕ ಎಳೆಯ ವಯಸ್ಸಿನವನು, ಬಾವುಟವನ್ನು ಅಲಂಕಾರವೆಂದುಕೊಂಡನೋ ಏನೋ, ನಗುತ್ತಾ ಸೀಟಿ ಹೊಡೆದು ನುಗ್ಗಿಯೇಬಿಟ್ಟ.

"ಏಯ್, ನಿಲ್ಸೋ! ಕಣ್ಣು ಕಾಣ್ಸಲ್ವೇನೋ?"

ಒಂದೊಂದೇ ಡಬ್ಬಿ ಮುಂದೆ ಹೋಯಿತು. ಎನಿಡ್ ರೈಲಿನ ಜೊತೆಗೇ ನಾಲ್ಕು ಹೆಜ್ಜೆ ಓಡಿದಳು. ಅಷ್ಟರಲ್ಲಿ ಬ್ರೇಕು ಕಿರುಚಿತು. ಕೊನೆಯ ಡಬ್ಬಿ ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತಿತು. ಬಿಳಿಗಡ್ಡದ ರೆಕ್ಸ್ ಇಳಿದ. ಬೆನ್ನಿಗೇ ಗಾರ್ಡು.

"ಅಪಾಯದ ಹಗ್ಗ ಎಳೀತೀರಲ್ಲ, ತಲೆ ಕೆಟ್ಟಿದೆಯೇನ್ರೀ?"

"ಬಾವುಟ ಹಾಕಿದಾರೆ. ಹಾಕಿದ್ರೆ ನಿಲ್ಲಿಸ್ಬೇಕು," ಎಂದ ರೆಕ್ಸ್.

ಎನಿಡ್ ಹತ್ತಿರ ಬಂದಳು. "ಮುದುಕ ಆಗಿದ್ದೀಯ."

"ನೀನೇನು ಹುಡುಗೀನಾ?"

ಅವನು ಅಮ್ಮನ ಟಿಕೆಟ್ ಕಿಟಕಿಯತ್ತ ನೋಡಿದ. ಕಣ್ಣು ತುಂಬಿತು.

"ಬೇಗ ಹತ್ತಿ," ಎಂದು ಗಾರ್ಡು ಕೂಗಿದ. ಹಳೆಯ ಅಭ್ಯಾಸಬಲದಿಂದ ರೆಕ್ಸನ ಕೈ ಬಾವುಟದ ಕಡೆಗೆ ಹೋಯಿತು. ಎನಿಡ್ ಅವನ ಮಣಿಕಟ್ಟು ಹಿಡಿದಳು.

"ಅದನ್ನ ಹತ್ತೋರು ತೆಗೀಬೇಕು ಕಣೋ," ಎಂದಳು. "ಇಲ್ಲಿ ಹತ್ತೋರು ಯಾರೂ ಇಲ್ಲ."

ರೈಲು ಹೊರಟಿತು. ಕಿಟಕಿಗಳಿಂದ ಯಾರು ಯಾರೋ ಕೈ ಬೀಸಿದರು. ರೆಕ್ಸ್ ಬೀಸಲಿಲ್ಲ, ಅವನ ಕೈಯನ್ನು ಅವಳು ಇನ್ನೂ ಬಿಟ್ಟಿರಲಿಲ್ಲ.