ಆರು ಗಂಟೆಗೆ ಶುರುವಾಗುವ ದಿನ

ನಮ್ಮ ಗಾಜಿನ ಕಾರ್ಖಾನೆಯ ಕುಲುಮೆ ಹದಿನೈದು ವರ್ಷದಿಂದ ಆರಿಲ್ಲ. ಗ್ಯಾಸ್ ನಿಂತರೆ ಒಳಗಿನ ಗಾಜು ಕಲ್ಲಾಗುತ್ತದೆ, ಆಮೇಲೆ ಕುಲುಮೆಯನ್ನೇ ಒಡೆದು ಹಾಕಬೇಕು. ಗ್ಯಾಸ್ ಕಂಪನಿಯೊಂದಿಗಿನ ಹದಿನೈದು ವರ್ಷದ ಒಪ್ಪಂದ ಮುಂದುವರಿಯಬೇಕಾದರೆ ಮೂವತ್ತೊಂದನೇ ತಾರೀಖಿನೊಳಗೆ ಪತ್ರ ಕೊಡಬೇಕಿತ್ತು. ಕೊಡಬೇಕಾದವಳು ನಾನು, ಕಚೇರಿಯ ಗುಮಾಸ್ತೆ.

ಊರೂರು ಸುತ್ತುವ ಯಜಮಾನರು ರೈಲಿಳಿದು ಸಹಿ ಹಾಕಿದ್ದು ಒಂದನೇ ತಾರೀಖಿನ ಬೆಳಗಿನ ಜಾವ. ಎದ್ದೆನೋ ಬಿದ್ದೆನೋ ಎಂದು ಓಡಿ ಗ್ಯಾಸ್ ಕಂಪನಿಯ ಕಂಟ್ರೋಲ್ ರೂಮಿಗೆ ಮುಟ್ಟಿಸಿದೆ. ಕಾವಲುಗಾರ ಮುದ್ರೆ ಒತ್ತಿದ: ಒಂದನೇ ತಾರೀಖು, ಐದು ನಲವತ್ತು. ವಾರದೊಳಗೆ ಉತ್ತರ ಬಂತು. ಪತ್ರ ತಡವಾಗಿದೆ, ಒಪ್ಪಂದ ಮುಗಿಯಿತು.

ಯಜಮಾನರು ಗ್ಯಾಸ್ ನಿಯಂತ್ರಣ ಆಯೋಗಕ್ಕೆ ದೂರು ಕೊಟ್ಟರು. ಕಾರ್ಖಾನೆಯಲ್ಲಿ ನನ್ನನ್ನು ಯಾರೂ ಬೈಯಲಿಲ್ಲ, ಮಾತೂ ಆಡಿಸಲಿಲ್ಲ. ನನಗೆ ಅನ್ನ ಇಳಿಯದಾಯಿತು.

ಅದೇ ಗ್ಯಾಸ್ ಕಂಪನಿಯಲ್ಲಿ ಮೂವತ್ತು ವರ್ಷ ಮೀಟರ್ ನೋಡಿ ನಿವೃತ್ತರಾದ ನನ್ನ ಮಾವ, ಪತ್ರದ ನಕಲನ್ನು ಕನ್ನಡಕದ ಹತ್ತಿರ ಹಿಡಿದರು.

"ಇದ್ರಲ್ಲಿ ತಡ ಎಲ್ಲಿದೆಯಮ್ಮ?"

"ಒಂದನೇ ತಾರೀಖು ಅಂತ ಕಾಣಿಸ್ತಿಲ್ವಾ ಮಾವ?"

"ಐದು ನಲವತ್ತೂ ಕಾಣಿಸ್ತಿದೆ. ಮೀಟರಿನಲ್ಲಿ ದಿನದ ಲೆಕ್ಕ ಗೀಚೋ ಕಾಗದಾನ ನಾವು ಬದಲಾಯಿಸ್ತಿದ್ದದ್ದು ಬೆಳಗ್ಗೆ ಆರಕ್ಕೆ. ಅಲ್ಲೀವರೆಗೂ ನಮಗೆ ಹಿಂದಿನ ದಿನಾನೇ."

ಇವರದ್ದು ಇನ್ನೂ ಹಳೇ ಕಾಲ ಎಂದು ಸಿಡುಕಿದೆ. ಆದರೆ ಆ ಮಾತು ತಲೆಯೊಳಗೆ ಕೊರೆಯತೊಡಗಿತು. ಬೆಳಗಾಗುತ್ತಲೇ ಕಚೇರಿಗೆ ಹೋಗಿ ಒಪ್ಪಂದ ತೆರೆದೆ. ಎಷ್ಟೋ ಸಲ ನಕಲು ತೆಗೆದು ಪಿನ್ನು ಹೊಡೆದಿದ್ದರೂ ಮೂರನೇ ಪುಟ ಓದಿರಲಿಲ್ಲ. ದಿನ ಎಂದರೆ ಬೆಳಗ್ಗೆ ಆರರಿಂದ ಮರುದಿನ ಬೆಳಗ್ಗೆ ಆರರವರೆಗೆ ಎಂದು ಅಲ್ಲಿ ಅಚ್ಚಾಗಿತ್ತು. ಆ ಪುಟವನ್ನು ದೂರಿನ ಕಡತಕ್ಕೆ ಸೇರಿಸಿದೆ.

ವಿಚಾರಣೆಯಲ್ಲಿ ಆಯೋಗದ ಸದಸ್ಯೆ ಆ ಪುಟವನ್ನು ಎರಡು ಸಲ ಓದಿ, ಗ್ಯಾಸ್ ಕಂಪನಿಯ ಅಧಿಕಾರಿಯತ್ತ ತಿರುಗಿದರು.

"ಒಂದನೇ ತಾರೀಖು ಐದು ನಲವತ್ತಕ್ಕೆ ಇವರ ಕುಲುಮೆಗೆ ಹೋದ ಗ್ಯಾಸನ್ನ ನಿಮ್ಮ ವರದೀಲಿ ಯಾವ ದಿನಕ್ಕೆ ಬರ್ಕೊಂಡಿದ್ದೀರಿ?"

ಅಧಿಕಾರಿ ಹಾಳೆ ತಿರುವಿದರು. "ಮೂವತ್ತೊಂದಕ್ಕೆ, ಮೇಡಂ."

"ಗ್ಯಾಸಿಗೊಂದು ದಿನ, ಪತ್ರಕ್ಕೊಂದು ದಿನಾನಾ?"

ಒಪ್ಪಂದ ಉಳಿಯಿತು. ಮನೆಗೆ ಬಂದವಳೇ ಮಾವನ ಕಾಲಿನ ಬಳಿ ಕುಳಿತು ಅತ್ತುಬಿಟ್ಟೆ.

"ಕುಲುಮೆ ಉಳೀತು ಮಾವ. ಅವತ್ತು ನಾನು ಹೇಗೆ ಓಡಿದ್ದೆ ಅಂತ ದೇವರಿಗೇ ಗೊತ್ತು."

ಮಾವ ನನ್ನ ತಲೆ ಸವರಿದರು.

"ಇನ್ನೂ ಇಪ್ಪತ್ತು ನಿಮಿಷ ಇತ್ತಲ್ಲಮ್ಮ. ನಡ್ಕೊಂಡೇ ಹೋಗಬಹುದಿತ್ತು."