ಅಂಚಿನ ಜಿಡ್ಡು

"ಇದನ್ನ ತೊಳೆದಿದ್ದು ಅಂತಾರೇನೇ? ನಿಮ್ಮಪ್ಪನ ಮನೆ ತಟ್ಟೆ ಅಂದ್ಕೊಂಡ್ಯಾ?"

ಮ್ಯಾನೇಜರು ತಟ್ಟೆಯನ್ನು ಮಗುಚಿ, ಅಂಚಿನ ಕೆಳಗೆ ಬೆರಳಾಡಿಸಿ, ಆ ಬೆರಳನ್ನು ನನ್ನ ಮೂಗಿನ ಮುಂದೆ ಹಿಡಿದ. ಜಿಡ್ಡು ಇತ್ತೋ ಇಲ್ಲವೋ ಅವನ ಬೆರಳಿಗೇ ಗೊತ್ತು. ಒಂದು ತಟ್ಟೆಯಲ್ಲಿ ಜಿಡ್ಡು ಸಿಕ್ಕರೆ ಇಡೀ ಅಟ್ಟಿಯನ್ನೇ ವಾಪಸ್ಸು ತೊಟ್ಟಿಗೆ ಹಾಕುವುದು ಅವನ ಪದ್ಧತಿ. ಏಳು ವರ್ಷದಿಂದ ದಿನಕ್ಕೊಂದು ಸಲವಾದರೂ ಹಾಕುತ್ತಾನೆ. "ಎಲ್ಲಾ ಇನ್ನೊಂದ್ಸಲ ತೊಳಿ" ಎಂದವನು ಬೆರಳನ್ನು ನನ್ನ ಏಪ್ರನ್ನಿಗೇ ಒರೆಸಿ ಹೋದ.

ಅದು ಬೆಳಿಗ್ಗೆ. ಸಂಜೆ ಏಳಕ್ಕೆ ಅದೇ ಹೋಟೆಲಿನ ಮುಂಬಾಗಿಲಿನಿಂದ ನಾನು ಗಂಡನ ಜೊತೆ ಊಟಕ್ಕೆ ಬಂದೆ.

ಹೋಟೆಲಿಗೆ ಹತ್ತು ವರ್ಷ ತುಂಬಿದ ದಿನ ಮಾಲೀಕರು ಗಿರಾಕಿಗಳೆದುರು ನನ್ನ ಕೈಗೆ ಒಂದು ಕಾರ್ಡು ಕೊಟ್ಟು ಫೋಟೊ ತೆಗೆಸಿಕೊಂಡಿದ್ದರು. ಇಬ್ಬರಿಗೆ ಊಟ, ಏನು ಬೇಕಾದರೂ ತಿನ್ನಬಹುದು. ಫೋಟೊ ಗೋಡೆಗೇರಿತು. ಕಾರ್ಡು ಹಿಡಿದು ನಾನು ನಿಜವಾಗಿಯೂ ಬಂದೇನೆಂದು ಯಾರೂ ಅಂದುಕೊಂಡಿರಲಿಲ್ಲ. "ಕಟ್ಟಿಸ್ಕೊಡ್ತೀನಿ, ಹಿಂದಿನ ಬಾಗಿಲಲ್ಲಿ ತಗೊಂಡ್ಹೋಗು" ಅಂದಿದ್ದ ಮ್ಯಾನೇಜರು. ನನಗೂ ಹಟ ಹತ್ತಿತು. ಊರಾಚೆಯ ಈ ಬಂಗಲೆಗಳ ಮಂದಿ ತಿಂದು ಬಿಟ್ಟಿದ್ದನ್ನೆಲ್ಲ ಕೆರೆದವಳು ನಾನು. ಒಂದೇ ಒಂದು ಸಲ ಕೂತು, ಬಡಿಸಿಕೊಂಡು, ಕೊನೆಯ ತುತ್ತಿನವರೆಗೆ ತಿಂದು ಏಳಬೇಕಿತ್ತು.

ನನ್ನ ಗಂಡ ಟೈಲ್ಸ್ ಕೆಲಸದವನು. ಈ ಹೋಟೆಲಿನ ನೆಲವೂ ಅವನದೇ ಕೈಕೆಲಸ. ಒಳಗೆ ಬಂದವನೇ ಬೂಟಿನ ತುದಿಯಿಂದ ನೆಲ ತಟ್ಟುತ್ತಾ ನಡೆದ.

"ಏನ್ರೀ ಅದು, ಸುಮ್ನೆ ಬನ್ನಿ."

"ತಡಿಯೇ, ಆ ಕಂಬದ ಹತ್ರ ಒಂದು ಟೊಳ್ಳಿದೆ. ಅವತ್ತು ಕಂಟ್ರಾಕ್ಟರ್ ಬೋಳಿಮಗ ಸಿಮೆಂಟೇ ಕೊಡ್ಲಿಲ್ಲ."

ಟೊಳ್ಳು ಸಿಕ್ಕಿತು. ಕಳೆದುಹೋದ ಗೆಳೆಯ ಸಿಕ್ಕವನಂತೆ ಹಲ್ಲು ಬಿಟ್ಟ. ನನಗೆ ನಗು ಶುರುವಾಗಿದ್ದು ಅಲ್ಲಿಂದ.

ಬಡಿಸುವ ಅಣ್ಣ ಬಂದ. ದಿನಾ ನನ್ನ ತೊಟ್ಟಿಗೆ ಎಂಜಲು ತಟ್ಟೆ ತಂದು ಸುರಿಯುವವನು, ನನ್ನನ್ನು ತಂಗಿ ಎನ್ನುವವನು. ಇವತ್ತು ಬಗ್ಗಿ, "ಮೇಡಂ ಏನು ತಗೋತಾರೆ?" ಎಂದ. ಮೀಸೆಯೊಳಗೇ ನಗುತ್ತಿದ್ದ, ಕಳ್ಳ.

"ಮೇಡಂಗೆ ತಲೆ ಕೆಟ್ಟಿದೆ, ಮೊದ್ಲು ನೀರು ಕೊಡಣ್ಣ" ಎಂದ ಗಂಡ.

ನಗು ಹೇಗೆ ನಿಲ್ಲಬೇಕು? ಮೂಲೆಯ ಟೇಬಲ್ಲಿನಲ್ಲಿ ಕನ್ನಡಕದ ಹೆಂಗಸೊಬ್ಬಳು ಬ್ರೆಡ್ಡಿನ ಅಂಚು ಕಿತ್ತು ಸಾಲಾಗಿ ಜೋಡಿಸುತ್ತಿದ್ದಳು.

"ರೀ, ಇವಳೇ ಕಣ್ರೀ ನಮ್ಮ ಅಂಚಿನಮ್ಮ. ಇವಳ ತಟ್ಟೆ ಏಳು ವರ್ಷದಿಂದ ಗೊತ್ತು, ಮುಖ ನೋಡಿದ್ದು ಇವತ್ತೇ."

ಮೀನಿನ ಮುಳ್ಳನ್ನು ಕಾಗದದಲ್ಲಿ ಸುತ್ತಿಡುವವನಿದ್ದ. ಸೂಪಿನೊಳಗೆ ಸಿಗರೇಟು ಆರಿಸುವವನೂ ಇದ್ದ. ನೋಡಲು ಎಷ್ಟು ಮರ್ಯಾದಸ್ಥ ಅಂತೀರಿ. ಒಬ್ಬೊಬ್ಬರನ್ನೇ ತೋರಿಸುತ್ತಾ ಹೋದೆ, ಗಂಡ ನೀರು ಕುಡಿಯುತ್ತಿದ್ದವನು ಮೂಗಿನಿಂದ ಚಿಮ್ಮಿಸಿದ.

ಮೀನು ಬಂತು. ತಟ್ಟೆ ಬಿಸಿಯಾಗಿತ್ತು. ಈ ತಟ್ಟೆಗಳು ಬಿಸಿಯಾಗಿರುತ್ತವೆಂದೇ ನನಗೆ ಗೊತ್ತಿರಲಿಲ್ಲ. ಖುಷಿಗೋ ಏನೋ, ಕಣ್ಣಲ್ಲಿ ನೀರು ಬಂತು.

ತಿಂದಾದ ಮೇಲೆ ಕೈ ಸುಮ್ಮನಿರಲಿಲ್ಲ. ಮಾತಾಡುತ್ತಲೇ ಗಂಡನ ತಟ್ಟೆಯ ಮುಳ್ಳನ್ನು ನನ್ನ ತಟ್ಟೆಗೆ ಕೆರೆದು ಒಂದರ ಮೇಲೊಂದು ಪೇರಿಸಿಬಿಟ್ಟಿದ್ದೆ. ಮ್ಯಾನೇಜರು ಅದನ್ನು ನೋಡಿದ. ಹತ್ತಿರ ಬಂದು ನಗುಮುಖದಲ್ಲೇ ಬಗ್ಗಿದ.

"ಕೈಗೇ ಗೊತ್ತಿದೆ ನೋಡು ನಿನ್ನ ಜಾಗ. ಎದ್ದೇಳು. ಸಂಜೆಯವಳು ಬಂದಿಲ್ಲ, ಒಳಗೆ ಒಂದು ತಟ್ಟೆ ಇಲ್ಲ. ತಿಕ್ಕಿ ಬಾ, ಇವನು ಕಾಯ್ತಾನೆ."

"ಇನ್ನೂ ಕೇಕ್ ಬಂದಿಲ್ಲ ಸಾರ್."

"ಕೇಕ್ ಬೇಕಾ ನಿಂಗೆ? ಎಂಜಲು ನೆಕ್ಕೋ ಮುಂಡೆ. ಏಳ್ತೀಯೋ, ನಾಳೆಯಿಂದ ಬರಲೇಬೇಡ ಅನ್ಲೋ?"

ಪಕ್ಕದ ಟೇಬಲ್ಲಿಗೆ ಕೇಳಿಸದಂತೆ, ಹಲ್ಲಿನ ಸಂದಿಯಿಂದ ಹೇಳಿದ. ಗಂಡ ಕುರ್ಚಿ ಹಿಂದೆ ತಳ್ಳಿದ. ಅವನ ಮಣಿಕಟ್ಟು ಹಿಡಿದೆ.

"ಕೂತ್ಕೊಳ್ರೀ. ಊಟ ಮುಗಿದಿಲ್ಲ."

ಕೆಲಸ ಹೋದರೆ ಮುಂದೇನು, ನನಗೆ ಗೊತ್ತಿರಲಿಲ್ಲ. ಹಾಳು ನಗು ಮಾತ್ರ ಹೊಟ್ಟೆಯಲ್ಲಿ ಹಾಗೇ ಕುದಿಯುತ್ತಿತ್ತು. ಎಲ್ಲರಿಗೂ ಕೇಳುವಂತೆ ಕೂಗಿದೆ, "ಅಣ್ಣಾ, ಎರಡು ಕೇಕ್."

"ತೊಳೆದ ತಟ್ಟೆ ಇಲ್ಲ ಮೇಡಂ" ಎಂದು ಅಣ್ಣನೂ ಅಷ್ಟೇ ಗಟ್ಟಿಯಾಗಿ ಕೂಗಿದ.

"ನಮಗೂ ಎಷ್ಟು ಹೊತ್ತಿಂದ ಇಲ್ಲ" ಎಂದಳು ಅಂಚಿನಮ್ಮ. ಸಿಗರೇಟಿನವನು ಚಮಚದಿಂದ ಲೋಟ ಬಡಿದ. ಇನ್ನೊಬ್ಬರು ಬಡಿದರು. ಮ್ಯಾನೇಜರು ಸುತ್ತ ನೋಡಿದ, ಕೋಟು ಬಿಚ್ಚಿದ, ಒಳಗೆ ಹೋದ.

ನಲ್ಲಿ ತಿರುಗಿಸಿದ್ದು ಕೇಳಿಸಿತು. ಏನೋ ಒಂದು ಒಡೆಯಿತು. ಮತ್ತೊಂದು. ನಾವಿಬ್ಬರೂ ಟೇಬಲ್ಲಿಗೆ ತಲೆಯಿಟ್ಟು ನಕ್ಕೆವು.

ಕೊನೆಗೆ ಬಂದ. ಮೊಣಕೈವರೆಗೆ ಒದ್ದೆ, ಟೈ ಹೆಗಲ ಮೇಲೆ, ಎರಡೂ ಕೈಯಲ್ಲಿ ತಟ್ಟೆಗಳ ಅಟ್ಟಿ. ಹಿಂದೆ ಕೇಕ್ ಹಿಡಿದ ಅಣ್ಣ. ಎಲ್ಲ ಟೇಬಲ್ಲಿನವರೂ ಆ ಅಟ್ಟಿಯನ್ನೇ ನೋಡುತ್ತಿದ್ದರು.

ನಾನು ಮೇಲಿನ ತಟ್ಟೆ ಎತ್ತಿಕೊಂಡು ಮಗುಚಿದೆ. ಅಂಚಿನ ಕೆಳಗೆ ಬೆರಳಾಡಿಸಿ, ಆ ಬೆರಳನ್ನು ಅವನ ಮೂಗಿನ ಮುಂದೆ ಹಿಡಿದೆ. ಅವನ ತೋಳಿಗೇ ಒರೆಸಿದೆ. ತಟ್ಟೆಯನ್ನು ಅಟ್ಟಿಯ ಮೇಲೆ ವಾಪಸ್ಸು ಇಟ್ಟೆ.

"ಜಿಡ್ಡಿದೆ ಸಾರ್. ಎಲ್ಲಾ ಇನ್ನೊಂದ್ಸಲ ತೊಳ್ಕೊಂಡ್ಬನ್ನಿ. ನಾವು ಕೂತಿರ್ತೀವಿ."